ಕುಲೆಗೆ ವಯಸ್ಸೆಷ್ಟು?

ನನಗೆ ಒಂಬತ್ತು ವರ್ಷವಿದ್ದಾಗ, ಆಟಿ ತಿಂಗಳ ಜಡಿಮಳೆಯಲ್ಲಿ ದೊಡ್ಡಮ್ಮನ ಮನೆಯಲ್ಲಿ ಒಂದು ಮದುವೆ ನಡೆಯಿತು. ಆಟಿಯಲ್ಲಿ ನಮ್ಮ ಕಡೆ ಬದುಕಿದ್ದವರ ಮದುವೆ ಮಾಡುವುದಿಲ್ಲ. ಇದು ಸತ್ತವರ ಮದುವೆ. ಮದುಮಗಳು ದೊಡ್ಡಮ್ಮನ ಹಿರಿಯ ಮಗಳು, ಹದಿನಾಲ್ಕರಲ್ಲಿ ಜ್ವರ ಬಂದು ತೀರಿಕೊಂಡವಳು. ಅವಳು ಹೋಗಿ ಆಗಲೇ ಹದಿನಾರು ವರ್ಷ ಕಳೆದಿತ್ತು. ಮದುಮಗ ಬೇರೊಂದು ಊರಿನ ಮನೆತನದ ಹುಡುಗ, ಅವನೂ ಚಿಕ್ಕಂದಿನಲ್ಲೇ ಹೋದವನು. ಎರಡೂ ಮನೆಯವರು ಸಂಬಂಧ ಕುದುರಿಸಿ, ಮಾತುಕತೆ ಮುಗಿಸಿ, ದಿನ ಗೊತ್ತು ಮಾಡಿದ್ದರು. ತುಳುವಿನಲ್ಲಿ ಇದಕ್ಕೆ ಕುಲೆ ಮದಿಮೆ ಎನ್ನುತ್ತಾರೆ.

ಮಕ್ಕಳಿಗೂ ಮದುವೆಯಾಗದವರಿಗೂ ಅದನ್ನು ನೋಡಲು ಬಿಡುವುದಿಲ್ಲ. ನಮ್ಮನ್ನೆಲ್ಲ ಹಟ್ಟಿಯ ಕಡೆಗೆ ಅಟ್ಟಿ ಬಾಗಿಲು ಹಾಕಿದರು. ಕಿಟಕಿಯ ಸಂದಿಯಲ್ಲಿ ನನಗೆ ಕಂಡದ್ದು ಎರಡು ಕುರ್ಚಿ. ಒಂದರ ಮೇಲೆ ಮಡಿಸಿಟ್ಟ ಪಂಚೆ, ಇನ್ನೊಂದರ ಮೇಲೆ ಹಸಿರು ಸೀರೆ, ಬಳೆ, ಕುಂಕುಮದ ಕರಡಿಗೆ. ಅತ್ತೆಯೊಬ್ಬರು ಆ ಸೀರೆಯನ್ನು ಒಂದು ಕುರ್ಚಿಯಿಂದ ಎತ್ತಿ ಇನ್ನೊಂದಕ್ಕೆ ಕೊಂಡೊಯ್ಯುವಾಗ, ಒಳಗೆ ಹುಡುಗಿಯೇ ಇದ್ದಾಳೇನೋ ಎಂಬ ಹಾಗೆ ನೆರಿಗೆ ಹಿಡಿದು, ಸೆರಗು ನೆಲಕ್ಕೆ ತಾಗದಂತೆ ಮೆಲ್ಲಗೆ ನಡೆದರು. ಅಷ್ಟರಲ್ಲಿ ಯಾರೋ ಕಿಟಕಿ ಮುಚ್ಚಿದರು. ಊಟಕ್ಕೆ ಕೋಳಿ ಸುಕ್ಕ ಇತ್ತು. ಆ ಅಕ್ಕ ಹೇಗಿದ್ದಳು, ಏನು ಓದುತ್ತಿದ್ದಳು, ಅವಳಿಗೆ ಏನಾಯಿತು ಎಂದು ಕೇಳಿದ ಯಾವ ಮಗುವಿಗೂ ಆ ದಿನ ಉತ್ತರ ಸಿಗಲಿಲ್ಲ.

ಇದೆಲ್ಲ ನೆನಪಾದದ್ದು ಹತ್ತನೇ ಕ್ಲಾಸಿನಲ್ಲಿರುವ ಅಕ್ಕನ ಮಗಳು ನನ್ನ ಕೈಗೆ ಒಂದು ಇಂಗ್ಲಿಷ್ ಕಾದಂಬರಿ ಇಟ್ಟಾಗ. "ಕೊನೆಯ ಪುಟ ಮೊದಲು ನೋಡ್ಬೇಡಿ ಮಾಮ, ಆಯ್ತಾ?" ಅಂದಳು. ಏಡನ್ ಥಾಮಸ್ ಬರೆದ 'ಸೆಮೆಟರಿ ಬಾಯ್ಸ್', 2020ರಲ್ಲಿ ಅಮೆರಿಕದಲ್ಲಿ ಬಂದ ಪುಸ್ತಕ. ಅದೇ ವರ್ಷ ಅಲ್ಲಿನ ನ್ಯಾಷನಲ್ ಬುಕ್ ಅವಾರ್ಡ್‌ನ ಕಿಶೋರ ಸಾಹಿತ್ಯ ವಿಭಾಗದ ಮೊದಲ ಪಟ್ಟಿಯಲ್ಲಿತ್ತು, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹೆಚ್ಚು ಮಾರಾಟದ ಪಟ್ಟಿಗೂ ಏರಿತು. ಹದಿಹರೆಯದವರಿಗೆಂದೇ ಬರೆದ ಪತ್ತೇದಾರಿ ಕಥೆ. ಅದರಲ್ಲಿ ಹದಿಹರೆಯದ ಒಂದು ಪ್ರೇತ.

ಪ್ರೇತ ಎಂದು ಬರೆದೆನಾದರೂ ಆ ಪದ ನನಗೆ ಅಷ್ಟು ಒಪ್ಪಿಗೆಯಾಗಿಲ್ಲ. ದೆವ್ವ ಎಂದರೆ ಹೆದರಿಸುವಂಥದ್ದು. ಭೂತ ಎಂದರೆ ನಮ್ಮೂರಲ್ಲಿ ದೈವ, ಕೈಮುಗಿಯುವಂಥದ್ದು. ಈ ಪುಸ್ತಕದಲ್ಲಿ ಬರುವ ಹುಡುಗನಿಗೆ ಹತ್ತಿರದ ಮಾತು ಕುಲೆ: ಹೋದರೂ ಮನೆಯ ಲೆಕ್ಕದಿಂದ ಹೋಗದ ಜೀವ.

ಕಥೆ ನಡೆಯುವುದು ಲಾಸ್ ಏಂಜಲೀಸ್ ನಗರದ ಪೂರ್ವ ಭಾಗದಲ್ಲಿ, ಲ್ಯಾಟಿನ್ ಅಮೆರಿಕದ ಮೂಲದವರ ಬೀದಿಗಳಲ್ಲಿ. ಯಾದ್ರಿಯೆಲ್‌ಗೆ ಹದಿನಾರು ವರ್ಷ. ಅವನ ಕುಟುಂಬ ಸ್ಮಶಾನದೊಳಗಿನ ಮನೆಯಲ್ಲೇ ವಾಸ. ಆ ಕುಲದ ಹೆಂಗಸರಿಗೆ ಗಾಯ ವಾಸಿ ಮಾಡುವ ಶಕ್ತಿ, ಗಂಡಸರಿಗೆ ಇಲ್ಲಿ ಉಳಿದುಬಿಟ್ಟ ಆತ್ಮಗಳನ್ನು ದಾಟಿಸುವ ಶಕ್ತಿ. ಯಾದ್ರಿಯೆಲ್ ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುತ್ತಿರುವವನು. ಅವನಿಗೆ ಗಂಡಸರ ದೀಕ್ಷೆ ಕೊಡಲು ಮನೆಯವರು ಒಪ್ಪುವುದಿಲ್ಲ. ಸೋದರಸಂಬಂಧಿ ಮರಿತ್ಸಾ ಮಾಡಿಕೊಟ್ಟ ಕಠಾರಿ ಹಿಡಿದು ಅವನು ಗುಟ್ಟಾಗಿ ತಾನೇ ದೀಕ್ಷೆ ಪಡೆಯುತ್ತಾನೆ. ಅದೇ ರಾತ್ರಿ ಮಿಗೆಲ್ ಎಂಬ ಇನ್ನೊಬ್ಬ ಸೋದರಸಂಬಂಧಿ ಸಾಯುತ್ತಾನೆ. ಅವನು ಸತ್ತದ್ದು ಇಡೀ ಕುಲದ ಮೈಗೆ ತಿಳಿಯುತ್ತದೆ, ಹೆಣ ಮಾತ್ರ ಎಲ್ಲೂ ಸಿಗುವುದಿಲ್ಲ. ಅವನನ್ನು ಕರೆಯಲು ಹೋದ ಯಾದ್ರಿಯೆಲ್‌ನ ಮುಂದೆ ಬಂದು ನಿಲ್ಲುವುದು ಜೂಲಿಯನ್, ಅದೇ ಶಾಲೆಯ ಪೋಲಿ ಎಂದು ಹೆಸರಾದ ಹುಡುಗ. ತಾನು ಸತ್ತದ್ದು ಹೇಗೆ ಎಂದು ಅವನಿಗೇ ಗೊತ್ತಿಲ್ಲ. ತನ್ನ ಗೆಳೆಯರು ಕ್ಷೇಮವಾಗಿದ್ದಾರೆ ಎಂದು ಕಣ್ಣಾರೆ ನೋಡುವವರೆಗೆ ದಾಟಿ ಹೋಗಲೂ ಅವನು ಒಪ್ಪುವುದಿಲ್ಲ.

ಇಂಥ ಕಥೆ ಮಕ್ಕಳಿಗೆ ಬೇಕೇ? ಬೇಕು ಎನ್ನುವವರ ಮಾತನ್ನು ಮೊದಲು ಕೇಳುತ್ತೇನೆ. ಅದು ನಮ್ಮ ಮನೆಯಲ್ಲೇ ಸಿಕ್ಕಿತು.

ಅಕ್ಕನ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ದಸರಾ ರಜೆಯಲ್ಲಿ ಅವಳ ಸಹಪಾಠಿಯೊಬ್ಬ ರಸ್ತೆ ಅಪಘಾತದಲ್ಲಿ ಹೋದ. ಶಾಲೆ ತೆರೆದ ದಿನ ಪ್ರಾರ್ಥನೆಯ ಹೊತ್ತಿಗೆ ಎರಡು ನಿಮಿಷ ಮೌನ ಆಚರಿಸಿದರು. ಮರುದಿನ ಬೆಂಚುಗಳನ್ನು ಬದಲಿಸಿ ಎಲ್ಲರನ್ನೂ ಬೇರೆ ಬೇರೆ ಕಡೆ ಕೂರಿಸಿದರು, ಅವನ ಜಾಗ ಎಲ್ಲಿತ್ತು ಎಂದು ತಿಳಿಯದ ಹಾಗೆ. ಪರೀಕ್ಷೆ ಹತ್ತಿರ ಇದೆ, ಮಕ್ಕಳ ಮನಸ್ಸು ಕೆಡಿಸಬೇಡಿ ಎಂದು ಪೋಷಕರ ಗುಂಪಿಗೆ ಸಂದೇಶ ಬಂತು. ನನ್ನ ಅಕ್ಕ ಆ ದಿನದ ಪೇಪರ್ ಎತ್ತಿಟ್ಟಳು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಆದರೆ ಆ ಮಕ್ಕಳು ಸುಮ್ಮನಿರಲಿಲ್ಲ. ಹೆಲ್ಮೆಟ್ ಇತ್ತಾ, ಗಾಡಿ ಓಡಿಸುತ್ತಿದ್ದವರು ಯಾರು, ಅವನು ಕೊನೆಗೆ ಯಾರಿಗೆ ಮೆಸೇಜ್ ಮಾಡಿದ್ದ ಎಂದು ಮೂರು ವಾರ ಊಟದ ಬಿಡುವಿನಲ್ಲಿ ತಾವೇ ಪತ್ತೇದಾರಿ ನಡೆಸಿದರು. ಗೊತ್ತಿಲ್ಲದ ಕಡೆ ಊಹೆ ತುಂಬಿದರು. ಆ ಊಹೆಗಳು ನಿಜಕ್ಕಿಂತ ಭಯಂಕರವಾಗಿದ್ದವು.

ಹದಿಹರೆಯದ ಪ್ರೇತಕಥೆ ಪತ್ತೇದಾರಿಯ ಜೊತೆ ಯಾಕೆ ಇಷ್ಟು ಹೊಂದಿಕೊಳ್ಳುತ್ತದೆ ಎನ್ನುವುದು ನನಗೆ ಅರ್ಥವಾದದ್ದು ಇದರಿಂದ. ಹೈಸ್ಕೂಲಿನಲ್ಲಿ ನಾನು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಒಂದರ ಮೇಲೊಂದು ಮುಗಿಸಿದವನು. ಪತ್ತೇದಾರಿ ಕಥೆಯಲ್ಲಿ ಹೆಣ ಎಂದರೆ ಕಥೆ ಶುರುವಾಗುವ ಜಾಗ, ಅಷ್ಟೇ. ಅದಕ್ಕೆ ಬಾಯಿ ಇರುವುದಿಲ್ಲ. ಪ್ರೇತವೇ ಜೊತೆಗೆ ಓಡಾಡುವ ಕಥೆಯಲ್ಲಿ ಸತ್ತವನಿಗೆ ತಮಾಷೆ ಇದೆ, ಹಟ ಇದೆ, ಹಸಿವಿನ ನೆನಪಿದೆ. ಏನಾಯಿತು, ಯಾರು, ಯಾಕೆ ಎಂದು ಕೇಳುವುದು ಅಲ್ಲಿ ಅಧಿಕಪ್ರಸಂಗವಾಗುವುದಿಲ್ಲ, ಕಥೆ ನಡೆಯುವುದೇ ಅದರಿಂದ. ಸಾವಿನ ಬಗ್ಗೆ ಬಾಯಿ ತೆರೆಯಬೇಡ ಎಂದು ಕೇಳಿಸಿಕೊಂಡ ಮಗುವಿಗೆ ಆ ಪ್ರಶ್ನೆಗಳನ್ನು ಯಾರಾದರೂ ಗಟ್ಟಿಯಾಗಿ ಕೇಳುವುದನ್ನು ನೋಡುವುದೇ ದೊಡ್ಡ ಸಮಾಧಾನ.

ಇನ್ನೊಂದು ಮಾತಿದೆ, ಇದಕ್ಕಿಂತ ತೂಕದ್ದು. ಜೂಲಿಯನ್ ಕಾಣೆಯಾದಾಗ ಅವನನ್ನು ಹುಡುಕಲು ಪೊಲೀಸರು ಹೊರಡುವುದಿಲ್ಲ. ಅವನ ಗೆಳೆಯರು ಮನೆ ಬಿಟ್ಟವರು, ಮನೆಯವರು ಬಿಟ್ಟವರು. ಇಂಥ ಹುಡುಗ ಕಾಣದಿದ್ದರೆ ಎಲ್ಲೋ ಓಡಿಹೋಗಿರಬೇಕು ಎಂದು ಊರು ಸುಮ್ಮನಾಗುತ್ತದೆ. ಬದುಕಿದ್ದಾಗ ಯಾರ ಕಣ್ಣಿಗೂ ಬೀಳದವನು ಸತ್ತ ಮೇಲೆ ಒಬ್ಬನ ಕಣ್ಣಿಗೆ ಬೀಳುತ್ತಾನೆ. ಆ ಒಬ್ಬನೂ ತನ್ನ ಮನೆಯಲ್ಲಿ ಸರಿಯಾಗಿ ಕಾಣಿಸದವನೇ. ಯಾದ್ರಿಯೆಲ್ ಗಂಡು ಎಂಬುದನ್ನು ಜೂಲಿಯನ್ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತಾನೆ. ವರ್ಷಗಟ್ಟಲೆ ಜೊತೆಗಿದ್ದ ಮನೆಯವರ ಬಾಯಲ್ಲಿ ಮಾತ್ರ ಹಳೆಯ ಹೆಸರು ನುಸುಳುತ್ತಲೇ ಇರುತ್ತದೆ. ಟ್ರಾನ್ಸ್ ಆಗಿರುವ ಲೇಖಕರು ಈ ಪುಟಗಳನ್ನು ಬರೆದಿರುವುದರಲ್ಲಿ ಒಂದಿಷ್ಟೂ ಬೇಡಿಕೆಯ ದನಿಯಿಲ್ಲ. ನನಗೆ ಇಡೀ ಪುಸ್ತಕದಲ್ಲಿ ಅತಿ ಇಷ್ಟವಾದದ್ದು ಅವೇ.

ಪ್ರೇತದ ಮೂಲಕ ಸಾಕ್ಷಿ ಹೇಳಿಸುವ ಈ ದಾರಿಯನ್ನು ಜ್ಯುವೆಲ್ ಪಾರ್ಕರ್ ರೋಡ್ಸ್ 2018ರ 'ಘೋಸ್ಟ್ ಬಾಯ್ಸ್'ನಲ್ಲಿ ಇನ್ನೂ ಮುಂದಕ್ಕೆ ಕೊಂಡೊಯ್ದಿದ್ದಾರೆ. ಅದು ಇನ್ನೂ ಸ್ವಲ್ಪ ಚಿಕ್ಕ ಮಕ್ಕಳಿಗಾಗಿ ಬರೆದದ್ದು. ಶಿಕಾಗೋದ ಹನ್ನೆರಡು ವರ್ಷದ ಕಪ್ಪು ಹುಡುಗ ಜೆರೋಮ್ ಆಟಿಕೆಯ ಪಿಸ್ತೂಲು ಹಿಡಿದಿದ್ದಾಗ ಬಿಳಿಯ ಪೊಲೀಸನ ಗುಂಡಿಗೆ ಬೀಳುತ್ತಾನೆ. ಪ್ರೇತವಾದ ಅವನು ಕಾಣುವುದು ಬದುಕಿರುವವರಲ್ಲಿ ಒಬ್ಬಳಿಗೇ, ಗುಂಡು ಹಾರಿಸಿದವನ ಮಗಳಿಗೆ. 2014ರ ನವೆಂಬರಿನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಆಟಿಕೆಯ ಪಿಸ್ತೂಲು ಹಿಡಿದಿದ್ದ ಹನ್ನೆರಡರ ಟಾಮಿರ್ ರೈಸ್ ಹೀಗೆಯೇ ಸತ್ತದ್ದು ಆ ದೇಶದ ಮಕ್ಕಳಿಗೆ ಗೊತ್ತು. ಜೆರೋಮ್‌ಗೆ ದಾರಿ ತೋರಿಸಲು ಬರುವ ಇನ್ನೊಂದು ಪ್ರೇತ ಎಮೆಟ್ ಟಿಲ್, ಚರಿತ್ರೆಯಲ್ಲಿ ನಿಜವಾಗಿ ಇದ್ದ ಹುಡುಗ. ಶಿಕಾಗೋದಿಂದ ಮಿಸಿಸಿಪ್ಪಿಯ ನೆಂಟರ ಮನೆಗೆ ಹೋಗಿದ್ದ ಅವನನ್ನು 1955ರ ಆಗಸ್ಟ್‌ನಲ್ಲಿ ಕೊಂದು ನದಿಗೆ ಎಸೆದರು. ವಯಸ್ಸು ಹದಿನಾಲ್ಕು. ತಾಯಿ ಮೇಮಿ ಟಿಲ್ ಶವಪೆಟ್ಟಿಗೆ ಮುಚ್ಚಲು ಬಿಡಲಿಲ್ಲ. ಮಗನ ಮುಖ ಏನಾಗಿದೆ ಎಂದು ಊರೆಲ್ಲ ನೋಡಲಿ ಎಂದು ಹಟ ಹಿಡಿದರು. ಸಾವಿರಾರು ಜನ ಸಾಲುಗಟ್ಟಿ ಬಂದು ನೋಡಿದರು, 'ಜೆಟ್' ಪತ್ರಿಕೆ ಆ ಚಿತ್ರ ಅಚ್ಚು ಹಾಕಿತು. ಆ ಸಾಲಿನಲ್ಲಿ ನಿಂತು, ಆ ಪುಟ ತೆರೆದು ನೋಡಿದವರಲ್ಲಿ ಎಮೆಟ್‌ನ ವಯಸ್ಸಿನ ಮಕ್ಕಳೂ ಇದ್ದರು.

ಈಗ ಬೇಡ ಎನ್ನುವವರ ಮಾತು. ಇದನ್ನು ಹಳೆಯ ಕಾಲದವರ ಅಂಜಿಕೆ ಎಂದು ತಳ್ಳಿಹಾಕಲು ನನ್ನಿಂದಾಗುವುದಿಲ್ಲ.

2011ರ ಜೂನ್‌ನಲ್ಲಿ ಮೇಗನ್ ಕಾಕ್ಸ್ ಗರ್ಡನ್ ಎಂಬ ವಿಮರ್ಶಕಿ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ, ಹದಿಹರೆಯದವರ ಕಾದಂಬರಿಗಳಲ್ಲಿ ಕತ್ತಲೆ ಮಿತಿಮೀರಿದೆ, ಕೊಲೆ, ಹಿಂಸೆ, ತಮ್ಮ ಮೈಯನ್ನು ತಾವೇ ಗಾಯ ಮಾಡಿಕೊಳ್ಳುವುದು ಎಲ್ಲ ದಿನನಿತ್ಯದ ಮಾತಾಗಿಬಿಟ್ಟಿದೆ ಎಂದು ಬರೆದರು. ಅಂಥ ಪುಸ್ತಕಗಳಿಂದಲೇ ನಾವು ಉಳಿದೆವು ಎಂದು ಓದುಗರು ನೂರಾರು ಸಂಖ್ಯೆಯಲ್ಲಿ ತಿರುಗಿ ಬರೆದರು; ಲೇಖಕ ಶೆರ್ಮನ್ ಅಲೆಕ್ಸಿ ಕೂಡ ಉತ್ತರ ಕೊಟ್ಟರು. ಆ ಜಗಳದಲ್ಲಿ ಗರ್ಡನ್ ಸೋತರು ಎಂದೇ ಲೆಕ್ಕ. ನನಗೆ ಮಾತ್ರ ಅವರು ಎತ್ತಿದ ಒಂದು ವಿಷಯ ಈಗಲೂ ಬಿಡುತ್ತಿಲ್ಲ: ಪುಸ್ತಕ ಒಂದು ಅಭಿರುಚಿಯನ್ನೂ ಬೆಳೆಸುತ್ತದೆ, ಯಾವುದು ಚೆಂದ ಎಂದು ಮನಸ್ಸಿಗೆ ಪಾಠ ಮಾಡುತ್ತದೆ.

ಹದಿಹರೆಯದ ಪ್ರೇತ ಯಾವಾಗಲೂ ಚೆಂದ ಇರುತ್ತದೆ. ಜೂಲಿಯನ್‌ನನ್ನೇ ನೋಡಿ. ನಗು, ಕಣ್ಣು, ಜಾಕೆಟ್ಟು ಯಾವುದಕ್ಕೂ ಸಾವು ತಾಗಿದಂತಿಲ್ಲ. ಅವನಿಗೆ ಜ್ವರದ ವಾಸನೆ ಇಲ್ಲ, ಆಸ್ಪತ್ರೆಯ ಬಿಲ್ಲಿಲ್ಲ, ಹೆಣ ತರಲು ತಮ್ಮನನ್ನು ಬೈಕಿನಲ್ಲಿ ಕಳಿಸುವ ಅಪ್ಪನಿಲ್ಲ. ಅವನಿಗೆ ಪರೀಕ್ಷೆಯಿಲ್ಲ, ಮುಂದಿನ ವರ್ಷವೂ ಇಲ್ಲ. ತನ್ನ ಸಾವಿಗೆ ಯಾರು ಅತ್ತರು, ಯಾರು ಅಳಲಿಲ್ಲ ಎಂದು ಅವನೇ ನಿಂತು ನೋಡಬಹುದು. ಸುಸ್ತಾಗಿ, ನೊಂದು, ಯಾರಿಗೂ ಬೇಡವಾಗಿದ್ದೇನೆ ಎಂದುಕೊಂಡಿರುವ ಹದಿನೈದರ ಮನಸ್ಸಿಗೆ ಆ ಕೊನೆಯ ಅನುಕೂಲ ಎಷ್ಟು ಸೆಳೆತದ್ದು ಎಂದು ಯೋಚಿಸಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಸತ್ತವರು ಯಾರನ್ನೂ ನೋಡುವುದಿಲ್ಲ. ನೋಡುತ್ತಾರೆ ಎನ್ನುವುದು ಕಥೆಯ ಕಟ್ಟು ಎಂದು ದೊಡ್ಡವರಿಗೆ ಗೊತ್ತು; ನೋವಿನಲ್ಲಿರುವ ಮಗುವಿಗೆ ಅದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ.

ಈ ಭಯಕ್ಕೆ ಒಂದು ಹಿನ್ನೆಲೆಯೂ ಇದೆ. ಜೇ ಆಶರ್ 2007ರಲ್ಲಿ ಬರೆದ ಕಾದಂಬರಿಯಲ್ಲಿ ತಾನಾಗಿ ಜೀವ ಬಿಟ್ಟ ಹುಡುಗಿಯೊಬ್ಬಳ ದನಿ ಕ್ಯಾಸೆಟ್ಟುಗಳಲ್ಲಿ ಉಳಿದು, ಕಾರಣ ಯಾರು ಎಂದು ಒಬ್ಬೊಬ್ಬರನ್ನೇ ಹಿಡಿದು ಹೇಳುತ್ತದೆ. ಪ್ರೇತ ಎಂಬ ಮಾತು ಬರದಿದ್ದರೂ ಕಟ್ಟು ಅದೇ. 2017ರಲ್ಲಿ ಅದು ನೆಟ್‌ಫ್ಲಿಕ್ಸ್ ಧಾರಾವಾಹಿಯಾಯಿತು. ಅದು ಬಂದ ಮರುತಿಂಗಳು ಅಮೆರಿಕದಲ್ಲಿ 10ರಿಂದ 17 ವಯಸ್ಸಿನವರಲ್ಲಿ ಅಂಥ ಸಾವುಗಳು ಸುಮಾರು ಶೇಕಡ 29ರಷ್ಟು ಹೆಚ್ಚಿದ್ದವು ಎಂದು 2019ರ ಒಂದು ಅಧ್ಯಯನ ಹೇಳಿತು. ಅದೇ ಅಂಕಿಗಳನ್ನು ಇನ್ನೊಂದು ರೀತಿಯಲ್ಲಿ ಲೆಕ್ಕ ಹಾಕಿದ ಮತ್ತೊಬ್ಬ ಸಂಶೋಧಕರಿಗೆ ಅಷ್ಟು ನೇರ ಸಂಬಂಧ ಕಾಣಲಿಲ್ಲ. ಹಾಗಾಗಿ ಪುಸ್ತಕವೋ ಧಾರಾವಾಹಿಯೋ ಮಕ್ಕಳನ್ನು ಕೊಂದಿತು ಎಂದು ಹೇಳುವುದು ಅನ್ಯಾಯ. ಆದರೂ ನೆಟ್‌ಫ್ಲಿಕ್ಸ್ 2019ರಲ್ಲೇ ಕಟುವಾದ ಒಂದು ದೃಶ್ಯವನ್ನು ತೆಗೆದುಹಾಕಿತು. ಕತ್ತಲೆಯನ್ನು ತೋರಿಸುವುದಕ್ಕೂ ಅದರೊಳಗೆ ಹೋಗುವ ದಾರಿ ತೋರಿಸುವುದಕ್ಕೂ ನಡುವಿನ ಗೆರೆ ಕಥೆ ಹೇಳುವವರು ದಿನವೂ ನೋಡಿಕೊಳ್ಳಬೇಕಾದದ್ದು.

'ಸೆಮೆಟರಿ ಬಾಯ್ಸ್' ಆ ಗೆರೆಯ ಈಚೆ ಇದೆ ಎನ್ನುವುದನ್ನು ಹೇಳಲೇಬೇಕು. ಅಲ್ಲಿ ಯಾರೂ ಸಾವನ್ನು ಬಯಸಿ ಹೋದವರಲ್ಲ. ಜೊತೆಗೆ, ಇಲ್ಲೇ ಉಳಿದುಬಿಟ್ಟ ಆತ್ಮಕ್ಕೆ ಹೊತ್ತು ಕಳೆದಂತೆ ಮನುಷ್ಯತನ ಕರಗಿ, ತನ್ನವರ ಮೇಲೇ ಎರಗುವ ಕೇಡಾಗಿ ಮಾರ್ಪಡುತ್ತದೆ ಎಂಬ ನಿಯಮವನ್ನು ಲೇಖಕರು ಇಟ್ಟಿದ್ದಾರೆ. ಜೂಲಿಯನ್ ಮಾತಿನ ಮಧ್ಯೆ ಮಸುಕಾಗತೊಡಗಿದಾಗ ಯಾದ್ರಿಯೆಲ್‌ಗೆ ಆಗುವ ಗಾಬರಿ ಓದುಗನಿಗೂ ತಾಗುತ್ತದೆ.

ಪತ್ತೇದಾರಿಯ ಚೌಕಟ್ಟಿನ ಬಗ್ಗೆ ನನಗಿರುವ ತಕರಾರು ಬೇರೆ. ಯಾರು ಎಂದು ಗೊತ್ತಾದರೆ ಎಲ್ಲ ಸರಿಹೋಯಿತು ಎಂಬ ನಂಬಿಕೆ ಅದರೊಳಗೆ ಕೂತಿರುತ್ತದೆ. ಎಮೆಟ್ ಟಿಲ್‌ನನ್ನು ಕೊಂದವರು ಯಾರು ಎಂಬುದು ಊರಿಗೆಲ್ಲ ಗೊತ್ತಿತ್ತು. ಬರೀ ಬಿಳಿಯ ಗಂಡಸರಿದ್ದ ಜ್ಯೂರಿ ಒಂದು ಗಂಟೆ ಚಿಲ್ಲರೆ ಹೊತ್ತಿನಲ್ಲಿ ಅವರನ್ನು ಬಿಟ್ಟಿತು. ಮರುವರ್ಷದ ಜನವರಿಯಲ್ಲಿ ಅವರು ಹಣ ತೆಗೆದುಕೊಂಡು 'ಲುಕ್' ಪತ್ರಿಕೆಗೆ ಎಲ್ಲವನ್ನೂ ತಾವೇ ಹೇಳಿದರು. ಅಕ್ಕನ ಮಗಳ ಸಹಪಾಠಿಯ ಸಾವಿನಲ್ಲಂತೂ ಪತ್ತೆ ಹಚ್ಚಲು ಯಾರೂ ಇರಲಿಲ್ಲ. ಮಳೆ ಬಂದಿತ್ತು, ರಸ್ತೆ ಜಾರುತ್ತಿತ್ತು. ಹೆಚ್ಚಿನ ಎಳೆಯ ಸಾವುಗಳಿಗೆ ಇಷ್ಟೇ ಉತ್ತರ. ಅದರ ಜೊತೆ ಬದುಕುವುದನ್ನು ಪತ್ತೇದಾರಿ ಕಲಿಸುತ್ತದೆಯೇ?

ಮುಂದಿನ ಮಾತಿನಲ್ಲಿ 'ಸೆಮೆಟರಿ ಬಾಯ್ಸ್' ಕಥೆಯ ಗುಟ್ಟು ಒಡೆಯುತ್ತದೆ. ಓದುವ ಆಸೆಯಿದ್ದವರು ಮೂರು ಪ್ಯಾರಾ ದಾಟಿಬಿಡಿ. ಮಿಗೆಲ್‌ನ ಸಾವಿಗೆ ಕಾರಣ ಮನೆಯೊಳಗಿನವನೇ, ಪುರಾತನ ಬಲಿಯ ವಿಧಿಯೊಂದರಿಂದ ಶಕ್ತಿ ಪಡೆಯಹೊರಟವನು. ಜೂಲಿಯನ್ ಕೂಡ ಆ ಬಲಿಗೆಂದು ಇಟ್ಟವನು. ಅವನ ಜೀವ ಪೂರ್ತಿ ಹೋಗಿರಲಿಲ್ಲ, ಯಾದ್ರಿಯೆಲ್ ಅವನನ್ನು ಉಳಿಸಿಕೊಳ್ಳುತ್ತಾನೆ. ಮಿಗೆಲ್ ಮರಳುವುದಿಲ್ಲ. ಇನ್ನೂರೈವತ್ತು ಪುಟ ಸಾವಿನ ಬಗ್ಗೆ ಪ್ರಾಮಾಣಿಕವಾಗಿದ್ದ ಪುಸ್ತಕ ಕೊನೆಗೆ ಓದುಗನಿಗೆ ಬೇಕಾದವನನ್ನು ವಾಪಸು ಕೊಟ್ಟು, ನಮಗೆ ಅಷ್ಟು ಪರಿಚಯವಿಲ್ಲದವನನ್ನು ಇಟ್ಟುಕೊಂಡಿತು ಎಂದು ನನಗೆ ನೋವಾಯಿತು.

ಇದನ್ನೇ ಅಕ್ಕನ ಮಗಳಿಗೆ ಹೇಳಿದೆ. ಅವಳು ಎದ್ದು ಕೂತಳು. "ಇಬ್ಬರು ಹುಡುಗರು ಪ್ರೀತಿ ಮಾಡುವ ಕಥೆ ಎಷ್ಟು ಓದಿದ್ದೀರಿ ಮಾಮ? ಎಲ್ಲದರಲ್ಲೂ ಒಬ್ಬ ಸಾಯ್ತಾನೆ. ಅಂಥವರು ಸಾಯ್ಲೇಬೇಕು ಅಂತ ಉಂಟಾ? ಇದರಲ್ಲಾದರೂ ಬದುಕ್ಲಿ."

ನನ್ನಲ್ಲಿ ಅದಕ್ಕೆ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವಳು ಹೇಳಿದ್ದು ಸರಿ. ಸಲಿಂಗ ಪ್ರೇಮಿಗಳನ್ನು ಕೊನೆಗೆ ಕೊಂದು ಕಣ್ಣೀರು ತರಿಸುವುದು ಕಾದಂಬರಿ, ಸಿನಿಮಾ ಎರಡರಲ್ಲೂ ಎಷ್ಟು ಹಳೆಯ ರೂಢಿ ಎಂದರೆ, ಅದನ್ನು ಮುರಿಯಲೆಂದೇ ಬರೆಯುವವರಿದ್ದಾರೆ. ನಾನು ಸುಳ್ಳು ಎಂದುಕೊಂಡ ಮುಕ್ತಾಯ ಅವಳಿಗೆ, ಅವಳಂಥ ಎಷ್ಟೋ ಓದುಗರಿಗೆ, ಬಹಳ ದಿನದಿಂದ ಬಾಕಿ ಇದ್ದ ಸಾಲ ತೀರಿದ ಹಾಗೆ. ಅದರ ಜೊತೆಗೇ, ಮಿಗೆಲ್‌ನ ಅಮ್ಮನಿಗೆ ಆ ಪುಟದಲ್ಲಿ ಏನೂ ತೀರಲಿಲ್ಲ ಎನ್ನುವುದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳದೆ ನನಗೆ ಬೇರೆ ದಾರಿ ಕಾಣುತ್ತಿಲ್ಲ.

ಆಲಿಸ್ ಸೆಬೋಲ್ಡ್ ಬರೆದ 2002ರ 'ದ ಲವ್ಲಿ ಬೋನ್ಸ್' ಈ ಕಡೆಯಿಂದ ಹೆಚ್ಚು ಗಟ್ಟಿ. ದೊಡ್ಡವರಿಗೆಂದು ಬಂದರೂ ಹದಿಹರೆಯದವರು ಎಳೆದುಕೊಂಡು ಓದಿದ ಪುಸ್ತಕ. ಕೊಲೆಯಾದ ಹದಿನಾಲ್ಕರ ಸೂಸಿ ಸ್ವರ್ಗದಿಂದ ತನ್ನ ಮನೆಯನ್ನು ನೋಡುತ್ತ ಕಥೆ ಹೇಳುತ್ತಾಳೆ. ಕೊಂದವನು ಯಾರೆಂದು ಓದುಗನಿಗೆ ಮೊದಲೇ ಗೊತ್ತು, ಮನೆಯವರಿಗೆ ಅವಳ ದೇಹ ಕೊನೆಯವರೆಗೂ ಸಿಗುವುದಿಲ್ಲ. ತಂಗಿ ತನಗಿಂತ ದೊಡ್ಡವಳಾಗುವುದನ್ನು ಸೂಸಿ ನೋಡಬೇಕು. ಕೊನೆಯ ಭಾಗದಲ್ಲಿ ಅವಳು ಸ್ವಲ್ಪ ಹೊತ್ತು ಬೇರೊಬ್ಬಳ ಮೈಯಲ್ಲಿ ಇಳಿದು ಬರುವ ಪ್ರಸಂಗ ನನಗೆ ಹಿಡಿಸಲೇ ಇಲ್ಲ; ಆದರೆ ಆ ತಂಗಿಯ ವಯಸ್ಸು ಏರುತ್ತ ಹೋಗುವ ಪುಟಗಳನ್ನು ಮರೆಯಲಾರೆ.

'ಸೆಮೆಟರಿ ಬಾಯ್ಸ್'ನಲ್ಲಿ ಆ ಗುಣ ಜೂಲಿಯನ್‌ನ ಸುತ್ತ ಇಲ್ಲ, ಯಾದ್ರಿಯೆಲ್‌ನ ತಾಯಿಯ ಸುತ್ತ ಇದೆ. ಆಕೆ ಹಿಂದೆಯೇ ತೀರಿಕೊಂಡಿದ್ದಾಳೆ. ನವೆಂಬರ್ ಮೊದಲ ಎರಡು ದಿನ ನಡೆಯುವ ಸತ್ತವರ ಹಬ್ಬಕ್ಕೆ ಮನೆಯವರು ಅವಳಿಗಾಗಿ ಪೀಠ ಸಿದ್ಧ ಮಾಡುತ್ತಾರೆ, ಅವಳಿಗೆ ಇಷ್ಟದ ತಿಂಡಿ ಇಡುತ್ತಾರೆ, ದಾರಿ ಕಾಣಲೆಂದು ಗೊಂಡೆ ಹೂವಿನ ಎಸಳು ಚೆಲ್ಲುತ್ತಾರೆ. ನಮ್ಮ ದೀಪಾವಳಿಯ ಬಾಗಿಲಿಗೆ ಕಟ್ಟುವ ಗೊಂಡೆ ಹೂವಿನ ತವರೂ ಆ ಮೆಕ್ಸಿಕೊ ಕಡೆಯೇ. ಬಂದವಳು ಹಬ್ಬ ಮುಗಿದ ಮೇಲೆ ಹೊರಡಬೇಕು. ಅದಕ್ಕೆ ಯಾರ ಬಳಿಯೂ ಉಪಾಯವಿಲ್ಲ. ಆ ಪೀಠದ ಮುಂದೆ ಮಕ್ಕಳೂ ನಿಂತಿರುತ್ತಾರೆ, ಯಾರೂ ಅವರನ್ನು ಹೊರಗೆ ಅಟ್ಟುವುದಿಲ್ಲ.

2024ರಲ್ಲಿ ಪುತ್ತೂರು ಕಡೆಯ ಕುಟುಂಬವೊಂದು, ಮೂವತ್ತು ವರ್ಷದ ಹಿಂದೆ ತೀರಿಕೊಂಡ ಮಗಳ ಕುಲೆ ಮದಿಮೆಗೆ ಅವಳಂತೆಯೇ ತೀರಿಕೊಂಡ ವರ ಬೇಕು ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದು ಸುದ್ದಿಯಾಯಿತು. ಅದನ್ನು ನೋಡಿದ ಅಕ್ಕನ ಮಗಳು ನಮ್ಮ ಮನೆಯ ಮದುವೆಯ ಬಗ್ಗೆ ಕೇಳಿದಳು. ನನಗೆ ಗೊತ್ತಿದ್ದದ್ದು ಎರಡು ಕುರ್ಚಿ, ಒಂದು ಹಸಿರು ಸೀರೆ. ಆ ವರ್ಷ ಆಟಿಯಲ್ಲಿ ಊರಿಗೆ ಹೋದಾಗ ಅವಳು ನೇರ ದೊಡ್ಡಮ್ಮನ ಹತ್ತಿರವೇ ಹೋಗಿ ಕೂತಳು. ದೊಡ್ಡಮ್ಮನಿಗೆ ಈಗ ಎಂಬತ್ತು ದಾಟಿದೆ, ಕಿವಿ ಮಂದ. ಅಡುಗೆಮನೆಯ ಬಾಗಿಲಲ್ಲಿ ಕೂತು ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದರು.

"ಅಜ್ಜಿ, ಆ ಅಕ್ಕನಿಗೆ ಮದುವೆ ಆಗುವಾಗ ಎಷ್ಟು ವಯಸ್ಸು?"

ಸುತ್ತ ಇದ್ದ ನಾವೆಲ್ಲ ಮಾತು ನಿಲ್ಲಿಸಿದೆವು. ದೊಡ್ಡಮ್ಮ ಎಲೆಯಿಂದ ಕಣ್ಣೆತ್ತಲಿಲ್ಲ.

"ಆಗ ಮೂವತ್ತು" ಅಂದರು. "ಈಗ ಅರವತ್ತಾರು. ನಾಗರಪಂಚಮಿ ಕಳೆದ ಮೇಲೆ ಅರವತ್ತೇಳಕ್ಕೆ ಬೀಳ್ತಾಳೆ." ಆಮೇಲೆ ಎಲೆ ಬದಿಗಿಟ್ಟು, ಅವಳು ಯಾವ ಕ್ಲಾಸಿನಲ್ಲಿದ್ದಳು, ಲೆಕ್ಕದಲ್ಲಿ ಎಷ್ಟು ಚುರುಕು, ಜ್ವರ ಬಂದ ದಿನ ಏನು ಬೇಕೆಂದು ಕೇಳಿದ್ದಳು ಎಂದು ಹೇಳತೊಡಗಿದರು. ಅಕ್ಕನ ಮಗಳು ಇನ್ನೊಂದು ಮಣೆ ಎಳೆದುಕೊಂಡು ಹತ್ತಿರ ಕೂತು, ಒಂದು ಎಲೆ ಎತ್ತಿಕೊಂಡಳು.